ಕೂಸಾಡಿಸುವ ಮಾತು

ಮುಮ್ತಾಜಬೇಗಂ ಅವರನ್ನು ನಾನು ಮೊದಲು ನೋಡಿದ್ದು ಒಂದು ಗಾದಿಯ ಕಾರಣಕ್ಕೆ. ಮಗಳು ಮಲ್ಲಿಕಾ ಹಾಸಿಗೆ ಒದ್ದೆ ಮಾಡಿ ಮಾಡಿ ಅದರೊಳಗಿನ ಹತ್ತಿಯೆಲ್ಲ ಗಂಟು ಕಟ್ಟಿತ್ತು. ಹೊಸದೊಂದನ್ನು ಆನ್‌ಲೈನಿನಲ್ಲಿ ತರಿಸೋಣವೆಂದರೆ ಅತ್ತೆ ಶೇಖವ್ವ ಒಪ್ಪಲಿಲ್ಲ.

"ಆ ಸ್ಪಂಜಿನ ಮ್ಯಾಲ ಮಲಗಿದ್ರ ಕೂಸಿನ ಬೆನ್ನು ಕಾದ ಹಂಚಾಗತೈತಿ. ಖಲಂದರನ ಅಂಗಡಿಗೆ ಒಯ್ದು ಹಿಂಜಿಸ್ಕೊಂಡ ಬಾ," ಎಂದರು.

ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಓದಿ, ಮದುವೆಯಾಗಿ ಸವಣೂರಿಗೆ ಬಂದವಳು ನಾನು. ಹಳೆಯ ಗಾದಿಯನ್ನು ಬಿಚ್ಚಿ, ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿಯುತ್ತಾರೆ ಎಂಬುದೇ ನನಗೆ ಆವತ್ತು ತಿಳಿದದ್ದು. ಬಂಕಾಪುರದ ರಸ್ತೆಗೆ ಮುಖ ಮಾಡಿದ ಒಂದು ತಗಡಿನ ಶೆಡ್ಡು. ಒಳಗೆ ಹಿಂಜುವ ಯಂತ್ರ ಒಮ್ಮೆಲೇ ಗರ್ರೆಂದು ಶುರುವಾದಾಗ ಮಲ್ಲಿ ಬೆಚ್ಚಿಬಿದ್ದು, ಉಸಿರು ಕಟ್ಟುವ ಹಾಗೆ ಅಳತೊಡಗಿದಳು. ನನಗೆ ದಿಗಿಲು. ಗಾಳಿಯ ತುಂಬ ಹತ್ತಿಯ ಧೂಳು. ಇವಳಿಗೆ ದಮ್ಮು ಹತ್ತಿದರೆ ಇಲ್ಲಿ ಮಕ್ಕಳ ಡಾಕ್ಟರು ಎಲ್ಲಿದ್ದಾರೆ, ಹುಬ್ಬಳ್ಳಿ ಮುಟ್ಟುವುದಕ್ಕೆ ಎಷ್ಟು ಹೊತ್ತು ಬೇಕು ಎಂದೆಲ್ಲ ತಲೆಯಲ್ಲಿ ಓಡುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಒಬ್ಬ ಹೆಂಗಸು ಬಂದರು. ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ, ಮೂಗಿಗೆ ಸೆರಗು. ನನ್ನನ್ನು ಕೇಳದೆಯೇ ಮಲ್ಲಿಯನ್ನು ಎತ್ತಿಕೊಂಡು ಹೊರಗೆ ಬೇವಿನ ಗಿಡದ ಕೆಳಗೆ ಒಯ್ದು, ಅವಳ ಬೆನ್ನ ಮೇಲೆ ಮೆಲ್ಲಗೆ ತಟ್ಟುತ್ತ, "ಯಾ, ಯಾ, ಮಿ ಸ್ಯೇಲೊ. ಯಾ ಪಸೊ, ಯಾ ಪಸೊ," ಎಂದರು. ಆ ದನಿ ಹೇಗಿತ್ತೆಂದರೆ, ಅಳುವುದಕ್ಕೆ ಕಾರಣವೇ ಇಲ್ಲವೇನೋ ಎಂಬಂತೆ ಮಲ್ಲಿ ಬಾಯಿ ತೆರೆದುಕೊಂಡು ಅವರ ಮುಖವನ್ನೇ ನೋಡುತ್ತ ಸುಮ್ಮನಾದಳು.

"ಇದ್ಯಾವ ಭಾಷೆ?" ಎಂದೆ.

ಯಂತ್ರ ನಿಲ್ಲಿಸಿ ಬಂದ ಅವರ ಗಂಡ ಖಲಂದರ ನಕ್ಕರು. "ಅಕಿ ಸಣ್ಣ ಕೂಸು ಕಂಡ್ರ ಹಂಗ್ರಿ. ಮೂವತ್ತ ವರ್ಷ ಆತು ಲಗ್ನ ಆಗಿ, ಆ ಮಾತಿನಾಗ ನನ್ನ ಒಂದಿನರ ಕರದಿಲ್ಲ ನೋಡ್ರಿ."

"ನಿಮಗೇನ ಹಲ್ಲು ಬರಾಕತ್ತಾವೇನು?" ಎಂದರು ಹೆಂಡತಿ. ಆಮೇಲೆ ನನ್ನ ಕಡೆ ತಿರುಗಿ, "ಎಸ್ಪಾನ್ಯೋಲ್ ಅಂತಾರ್ರಿ ಅಕ್ಕಾರ. ಕುವೈತಿನಾಗ ಕಲ್ತದ್ದು. 'ಆತು, ನನ ಮುಗಿಲ, ಎಲ್ಲಾ ಮುಗೀತು' ಅಂದೆ, ಅಷ್ಟ," ಎಂದರು.

ಅಂದರೆ ಸ್ಪ್ಯಾನಿಶ್. ಸವಣೂರಿನಲ್ಲಿ, ಗಾದಿ ಅಂಗಡಿಯಲ್ಲಿ. ನನ್ನ ಕಾಲೇಜಿನ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಆ ವಾರವಿಡೀ ಇದೇ ಚರ್ಚೆ ನಡೆದಿತ್ತು. ಐದು ವರ್ಷದೊಳಗೆ ಮಗುವಿನ ಕಿವಿಗೆ ಇನ್ನೊಂದು ಪರದೇಶದ ಭಾಷೆ ಬಿದ್ದರೆ ಅದರ ಬುದ್ಧಿ ಬೇರೆಯೇ ಆಗುತ್ತದಂತೆ. ಒಬ್ಬಳ ಮಗ ಚೀನೀ ಕಲಿಯುತ್ತಿದ್ದ, ಇನ್ನೊಬ್ಬಳ ಮಗಳು ಫ್ರೆಂಚ್. ನನ್ನ ಮಗಳು ಈ ಊರಿನಲ್ಲಿ ಕೋಳಿ ಅಟ್ಟಿಸಿಕೊಂಡು ಓಡಾಡುತ್ತ ಹಿಂದೆ ಬೀಳುತ್ತಾಳೆ ಎಂಬ ಚಿಂತೆ ನನ್ನನ್ನು ತಿನ್ನುತ್ತಿತ್ತು. ಗಾದಿಯನ್ನು ಮರೆತು, "ನೀವು ಮಕ್ಕಳಿಗೆ ಇದನ್ನ ಯಾಕೆ ಕಲಿಸಬಾರದು?" ಎಂದು ಅಲ್ಲೇ ಕೇಳಿದೆ.

"ನಾನ ಏನ ಕಲಸ್ಲಿರಿ? ನನಗ ಓದಾಕ ಬರೂದಿಲ್ಲ."

"ಓದೋದು ಬೇಡ. ಮಾತಾಡಿ, ಸಾಕು."

ಅವರು ಮಲ್ಲಿಯನ್ನು ಇನ್ನೂ ಕೆಳಗಿಳಿಸಿರಲಿಲ್ಲ.

ಅವರು ಹುಟ್ಟಿದ್ದು ಹಾನಗಲ್ಲ ತಾಲೂಕಿನ ಹಳ್ಳಿಯೊಂದರಲ್ಲಿ, ಪಿಂಜಾರರ ಮನೆಯಲ್ಲಿ. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ತವರಿನಲ್ಲೂ ಅದೇ, ಗಂಡನ ಮನೆಯಲ್ಲೂ ಅದೇ. ಮನೆಮಾತು ಕನ್ನಡ. ತಾಯಿ ಬೇಗ ತೀರಿಕೊಂಡಿದ್ದರಿಂದ ಇವರು ಅಣ್ಣತಮ್ಮಂದಿರಿಗೆ ರೊಟ್ಟಿ ಬಡಿದು ಹಾಕುತ್ತ, ಬೈಸಿಕೊಳ್ಳುತ್ತ ಬೆಳೆದರು. ಸ್ಪಂಜಿನ ಹಾಸಿಗೆಗಳು ಬಂದು ಅಂಗಡಿಯ ಕೆಲಸ ತೆಳ್ಳಗಾದಾಗ ಪರಿಚಯದ ಹೆಂಗಸೊಬ್ಬಳು ಕುವೈತಿನ ದಾರಿ ತೋರಿಸಿದಳು. ಮಗಳು ದಿಲ್ಶಾದ ಆಗ ಹಾಲು ಕುಡಿಯುವ ಕೂಸು. ಅವಳನ್ನು ಅತ್ತೆಯ ಮಡಿಲಿಗೆ ಹಾಕಿ, ಎರಡೇ ವರ್ಷ ಎಂದು ಹೇಳಿ ಹೋದರು.

ಅವರನ್ನು ಕೆಲಸಕ್ಕಿಟ್ಟುಕೊಂಡದ್ದು ಕೊಲಂಬಿಯಾ ಎಂಬ ದೇಶದಿಂದ ಬಂದು ಎಣ್ಣೆ ಕಂಪನಿಯಲ್ಲಿದ್ದ ಗಂಡ ಹೆಂಡತಿ. ಅವರಿಗೊಂದು ಕೈಗೂಸು, ಮಾತೇವೊ ಎಂದು ಹೆಸರು. ಆ ತಾಯಿಗೆ ಒಂದೇ ಹಟ. ಪರದೇಶದಲ್ಲಿ ಬೆಳೆದರೂ ಮಗ ತಮ್ಮ ಮಾತಿನಲ್ಲೇ ಬೆಳೆಯಬೇಕು, ಅವನ ಕಿವಿಗೆ ಬೇರೆ ಭಾಷೆ ಬೀಳಬಾರದು. ಹೀಗಾಗಿ ಮುಮ್ತಾಜಬೇಗಂ ಮೊದಲ ಕೆಲವು ತಿಂಗಳು ಆ ತಾಯಿಯ ಬೆನ್ನ ಹಿಂದೆ ನಿಂತು, ಆಕೆ ಕೂಸಿಗೆ ಅಂದದ್ದನ್ನೆಲ್ಲ ಹಾಗೇ ಅಂದರು. ಮಾತೇವೊನ ನಂತರ ಒಂದು ಹೆಣ್ಣು ಕೂಸಾಯಿತು. ಎರಡು ವರ್ಷ ಎಂದದ್ದು ಹನ್ನೆರಡಾಯಿತು.

"ಹೇಗೆ ಕಲಿತ್ರಿ ಅಷ್ಟು ಬೇಗ?" ಎಂದು ಒಮ್ಮೆ ಕೇಳಿದೆ.

"ಕಲೀಲಿಲ್ರಿ. ಆ ಕೂಸಿನ ಜೋಡಿ ನಾನೂ ತೊದಲಿದೆ. ಆಮ್ಯಾಲ ಅದು ದೊಡ್ಡದಾತು, ಸಾಲಿಗೆ ಹೋತು. ನಾ ತೊದಲೂದ್ರಾಗ ಉಳದೆ."

ಪಾಠ ಶುರುವಾಯಿತು. ಅಂಗಡಿಯ ಹಿಂದಿನ ಹಿತ್ತಲಿನಲ್ಲಿ ಮಲ್ಲಿ, ಔಷಧಿ ಅಂಗಡಿಯವರ ಸೊಸೆ ಇರಮ ಅವರ ಮಗಳು, ಮತ್ತೆ ನಾಲ್ಕೈದು ಮಕ್ಕಳು. ಎಲ್ಲರನ್ನೂ ಒಟ್ಟು ಮಾಡಿದವಳು ನಾನೇ. ಚಾರ್ಟು, ಬಣ್ಣದ ಚಿತ್ರ ಎಲ್ಲ ಹುಬ್ಬಳ್ಳಿಯಿಂದ ತರಿಸಿ ಕೊಟ್ಟೆ. ಮುಮ್ತಾಜಬೇಗಂ ಅವನ್ನು ಗೌರವದಿಂದಲೇ ಗೋಡೆಗೆ ಒರಗಿಸಿಟ್ಟು, ಒಂದೊಂದು ಮಗುವಿನ ಕೈಗೂ ಒಂದೊಂದು ಕೂಸು ಕೊಟ್ಟರು. ಗಾದಿಯ ತುಂಡು ಬಟ್ಟೆಯನ್ನು ಹೊಲಿದು, ಮಿಕ್ಕ ಹತ್ತಿ ತುಂಬಿದ ಕೂಸು. ಕಣ್ಣಿಗೆ ಕಪ್ಪು ದಾರ.

ಆಮೇಲೆ ದಿನಾಲೂ ಅದೇ. ಕೂಸನ್ನು ಎಬ್ಬಿಸಬೇಕು, ಮುಖ ತೊಳೆಸಬೇಕು, ತಲೆ ಬಾಚಬೇಕು, ಉಣ್ಣಿಸಬೇಕು, ಅತ್ತರೆ ರಮಿಸಬೇಕು, ಮಲಗಿಸಬೇಕು. ಮುಮ್ತಾಜಬೇಗಂ ತಮ್ಮ ಮಡಿಲಲ್ಲಿ ಒಂದನ್ನಿಟ್ಟುಕೊಂಡು ಮಾಡುತ್ತ ಮಾತಾಡುತ್ತ ಹೋಗುತ್ತಿದ್ದರು, ಮಕ್ಕಳು ಅವರ ಹಿಂದೆ. ಎಲ್ಲಿಯೂ ಇದಕ್ಕೆ ಇದು ಎಂದು ಹೆಸರು ಹೇಳಿದ್ದಿಲ್ಲ, ತಪ್ಪು ತಿದ್ದಿದ್ದಿಲ್ಲ. ತಿಂಗಳು ಕಳೆಯುವುದರೊಳಗೆ ಮಕ್ಕಳು ತಮ್ಮ ಹತ್ತಿಗೂಸುಗಳಿಗೆ ಗಳಗಳನೆ ಸ್ಪ್ಯಾನಿಶ್ ಆಡುತ್ತಿದ್ದವು. ಕೂಸುಗಳಿಗೆ ಮಾತ್ರ. ಮನುಷ್ಯರು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ.

ಒಂದು ದಿನ ಇರಮ ನನ್ನನ್ನು ದಾರಿಯಲ್ಲೇ ಹಿಡಿದರು. "ಹೇಮಾ, ಏನ್ರಿ ಇದು? ನಮ್ಮ ಮನೀಗೆ ಬೀಗರು ಬಂದಿದ್ರು. 'ನಿನ್ನ ಹೆಸರೇನಂತ ಆ ಭಾಷಾದಾಗ ಹೇಳ' ಅಂದೆ ಮಗಳಿಗೆ. ಅಕಿ ನಮ್ಮ ಬೀಗರ ಗದ್ದ ಹಿಡ್ಕೊಂಡು ಏನೋ ಅಂದ್ಳು. ಫೋನಿನಾಗ ಹಾಕಿ ನೋಡಿದ್ರ, 'ಬಾಯಿ ತಗಿ ನನ ಬಂಗಾರ, ಇದೊಂದ ತುತ್ತು' ಅಂತಂತ! ಅವ್ರಿಗೆ ಎಪ್ಪತ್ತ ವರ್ಷ!"

ನಗು ಬಂದರೂ ನನಗೆ ಒಳಗೊಳಗೆ ಅಳುಕಾಯಿತು. ಬಣ್ಣಗಳ ಹೆಸರು, ಒಂದು ಎರಡು ಮೂರು, ಶುಭೋದಯ, ಯಾವುದೂ ಬಂದಿಲ್ಲ. ನಾಳೆ ಹುಬ್ಬಳ್ಳಿಯ ಶಾಲೆಯಲ್ಲಿ ಸಂದರ್ಶನಕ್ಕೆ ಕೂರಿಸಿದರೆ ಇವಳು ಪ್ರಿನ್ಸಿಪಾಲರಿಗೆ ಊಟ ಮಾಡಿಸಲು ಹೋದರೆ? ಮುಮ್ತಾಜಬೇಗಂ ಅವರಿಗೆ ಹೇಳಿದೆ, ಅಂಕಿಗಳನ್ನಾದರೂ ಕಲಿಸಿ ಎಂದು.

"ಆ ಮಾತಿನಾಗ ನನಗ ಎಣಸಾಕ ಬರೂದಿಲ್ರಿ. ಎಣಸೂ ಕೆಲಸ ಅವ್ರು ನನಗ ಕೊಡಲಿಲ್ಲ," ಎಂದರು. ಬೇಸರವೇನೂ ಇರಲಿಲ್ಲ ಅವರ ದನಿಯಲ್ಲಿ. ಇದ್ದದ್ದನ್ನು ಹೇಳಿದರು. "ಸಂತ್ಯಾಗ ಏನಂತಾರ, ಲಗ್ನದಾಗ ಏನಂತಾರ, ಗಂಡ ಹೆಂಡ್ತಿ ಹೆಂಗ ಜಗಳಾಡತಾರ, ಒಂದೂ ಗೊತ್ತಿಲ್ಲ. ಸಣ್ಣ ಕೂಸಿನ ಜೋಡಿ ಇರಾಕ ಎಷ್ಟ ಬೇಕೋ ಅಷ್ಟ ಬರತೈತಿ."

ಆದರೆ ಆ ದಿನಗಳಲ್ಲಿ ಅವರ ಮನಸ್ಸು ಪಾಠದ ಮೇಲಿರಲಿಲ್ಲ. ಮಗಳು ದಿಲ್ಶಾದ ಬಂಕಾಪುರದಲ್ಲಿದ್ದಳು. ಅವಳ ಗಂಡ ರಿಯಾಜ ಲಾರಿ ಓಡಿಸುವವನು, ವಾರಗಟ್ಟಲೆ ಮನೆಯಲ್ಲಿರುವುದಿಲ್ಲ. ದಿಲ್ಶಾದಳಿಗೆ ಶಿಗ್ಗಾವಿಯ ಒಂದು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅವಳ ಮಗಳು ಮಾಹೀರಾಗೆ ಇನ್ನೂ ಮೂರು ತುಂಬಿಲ್ಲ. ಹಗಲಿಡೀ ಅವಳನ್ನು ನೋಡಿಕೊಳ್ಳುವವರು ಬೇಕು. ಒಂದೋ ಬಂಕಾಪುರದಲ್ಲೇ ರಿಯಾಜನ ಚಿಕ್ಕಮ್ಮನ ಹತ್ತಿರ ಬಿಡಬೇಕು, ಇಲ್ಲವೇ ಸವಣೂರಿಗೆ ಬಂದು ತವರಿನಲ್ಲಿದ್ದು, ಇಲ್ಲಿಂದಲೇ ಬಸ್ಸಿಗೆ ಓಡಾಡಬೇಕು. ರಿಯಾಜ ಎರಡಕ್ಕೂ ಹೂಂ ಎಂದಿದ್ದ. ತೀರ್ಮಾನ ದಿಲ್ಶಾದಳದು.

"ಬಂದ ನಾಕ ದಿನ ನೋಡ್ತೇನಿ ಅಂದಾಳ್ರಿ," ಎಂದು ಮುಮ್ತಾಜಬೇಗಂ ಹೇಳುವಾಗ ಕೈಯಲ್ಲಿ ಸೂಜಿಯಿತ್ತು. ಮೊಮ್ಮಗಳಿಗೆ ಅಂಗೈಯಗಲದ ಹೂವಿರುವ ಬಟ್ಟೆಯಲ್ಲಿ ಪುಟ್ಟ ಗಾದಿ ಹೊಲಿಯುತ್ತಿದ್ದರು. ಹಿತ್ತಲಿಗೆ ಸುಣ್ಣ ಬಳಿಸಿದ್ದರು. "ಬಂದ ಇಲ್ಲೇ ಇದ್ರ..." ಎಂದು ನಿಲ್ಲಿಸಿ ದಾರ ಕಚ್ಚಿದರು. ಆ ಮಾತನ್ನು ಮುಂದುವರಿಸುವ ಧೈರ್ಯ ಅವರಿಗಿರಲಿಲ್ಲ. ಹನ್ನೆರಡು ವರ್ಷದ ಮೇಲೆ ಅವರು ಕುವೈತಿನಿಂದ ಮರಳಿ ಬಂದಾಗ ದಿಲ್ಶಾದ ಬಾಗಿಲಲ್ಲಿ ನಿಂತು, "ಬರ್ರಿ, ಕುಂದರ್ರಿ," ಎಂದು ನೀರು ತಂದುಕೊಟ್ಟಿದ್ದಳಂತೆ. ಸಾಕಿದ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಅವಳು ನೀ ಎನ್ನುತ್ತಿದ್ದಳು. ಹೆತ್ತವ್ವನಿಗೆ ನೀವು. ಅದು ಹಾಗೇ ಉಳಿದುಬಿಟ್ಟಿತು.

ದಿಲ್ಶಾದ ಬಂದಳು. ಸಣ್ಣ ಮೈಕಟ್ಟು, ತೀಕ್ಷ್ಣ ಕಣ್ಣು, ಕೆಲಸದಲ್ಲಿ ಚುರುಕು. ಬಂದವಳೇ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಅಪ್ಪನ ಹರಿದ ಅಂಗಿಗಳನ್ನೆಲ್ಲ ಹೊಲಿದಿಟ್ಟಳು. ಮಾಹೀರಾ ಅವಳ ಓಢಣಿಯ ತುದಿ ಬಿಡುತ್ತಿರಲಿಲ್ಲ.

ಎರಡನೆಯ ದಿನ ನಾನು ಮಲ್ಲಿಯನ್ನು ಕರೆದುಕೊಂಡು ಹೋದಾಗ ಮಾಹೀರಾಳ ತಲೆ ಬಾಚುವ ಗಲಾಟೆ ನಡೆದಿತ್ತು. ಕೂದಲು ಸಿಕ್ಕುಗಟ್ಟಿ, ಮಗು ಕಿರುಚಿಕೊಳ್ಳುತ್ತಿತ್ತು. ಮುಮ್ತಾಜಬೇಗಂ ಹಣಿಗೆಯನ್ನು ಕೆಳಗಿಟ್ಟು, ಬೆರಳಿನಿಂದ ಸಿಕ್ಕು ಬಿಡಿಸುತ್ತ, ಕಿವಿಯ ಹತ್ತಿರ ಬಾಗಿ ತಮ್ಮ ಎಸ್ಪಾನ್ಯೋಲಿನಲ್ಲಿ ಏನೇನೋ ಹೇಳತೊಡಗಿದರು. ನನ್ನ ಪ್ರಾಣ, ನನ್ನ ಮುಗಿಲು, ಒಂದೇ ಒಂದು ಗಂಟು, ನೋಡು ಹಾರಿಹೋಯಿತು. ಇಷ್ಟು ನನಗೂ ಅರ್ಥವಾಗುತ್ತಿತ್ತು ಅಷ್ಟೊತ್ತಿಗೆ. ಮಾಹೀರಾ ಬಿಕ್ಕುತ್ತಲೇ ತಿರುಗಿ ಅಜ್ಜಿಯ ಬಾಯಿಯನ್ನು ಮುಟ್ಟಿ ನೋಡಿದಳು. ಕಿಲಕಿಲ ನಕ್ಕಳು.

ಅಡುಗೆಮನೆಯಿಂದ ದಿಲ್ಶಾದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ನಿಲ್ಲಸ್ರಿ."

"ಯಾಕವ? ಕೂಸು ಸುಮ್ನಾತಲ್ಲ?"

"ಸುಮ್ನಾತು. ಅದಕ್ಕ ಬ್ಯಾಡ ಅನ್ನಾಕತ್ತೇನಿ. ಆ ಮಾತು ನನ್ನ ಮಗಳ ಕಿವಿಗೆ ಬ್ಯಾಡ್ರಿ."

ಸುತ್ತ ನಮ್ಮ ಮಕ್ಕಳೆಲ್ಲ ಕೂಸುಗಳನ್ನು ಹಿಡಿದುಕೊಂಡು ಕಣ್ಣು ಬಿಟ್ಟು ನೋಡುತ್ತಿದ್ದವು. ದಿಲ್ಶಾದಳಿಗೆ ನಾನಿರುವುದು ಆಗ ಕಂಡಿತೇನೋ. ಕೈ ತೊಳೆದುಕೊಂಡು ಬಂದು ನನ್ನ ಹತ್ತಿರ ಕಟ್ಟೆಯ ಮೇಲೆ ಕುಳಿತಳು.

"ನಿಮಗ ಹುಚ್ಚಿ ಅನಸ್ತೇನಿ, ಹೌದಲ್ರಿ ಅಕ್ಕಾರ?"

"ಛೆ, ಇಲ್ಲಪ್ಪ."

"ನೀವು ಆ ಮಾತನ್ನ ಈಗ ಕೇಳಾಕತ್ತೀರಿ. ನಾ ಇಷ್ಟ ಇದ್ದಾಗಿಂದ ಕೇಳೇನಿ," ಎಂದು ಮೊಣಕಾಲಿನೆತ್ತರಕ್ಕೆ ಕೈ ಹಿಡಿದಳು. "ಶುಕ್ರವಾರಕ್ಕೊಮ್ಮೆ ಫೋನ್ ಬರ್ತಿತ್ತು. 'ಉಂಡೀ? ಸಾಲಿಗೆ ಹೋದೀ? ಆಯಿ ಮಾತ ಕೇಳ,' ಅಷ್ಟ. ಪೊಲೀಸರು ಕೇಳಿದಂಗ. ನಡುಕ ಅಲ್ಲಿ ಆ ಹುಡುಗ ಅಳ್ತಿದ್ದ. ಇವ್ರು ಫೋನ್ ಕೈಯಾಗ ಹಿಡ್ಕೊಂಡ ಅವನ್ನ ರಮಸ್ತಿದ್ರು. ಏನ ದನಿ ಅದು! ನಾ ಇಲ್ಲಿ ಕಿವಿ ಒತ್ತಿ ಹಿಡ್ಕೊಂಡ ಕೇಳಾಕಿ. ಆಮ್ಯಾಲ ಮತ್ತ ನನಗ, 'ಹಾಂ, ಇಡ್ಲಾ ಫೋನು?'"

ಅವಳು ಇದನ್ನೆಲ್ಲ ಗಟ್ಟಿಯಾಗಿಯೇ ಹೇಳಿದಳು. ಅವ್ವನಿಗೆ ಕೇಳಲಿ ಎಂದೇ.

"ನಮ್ಮ ಮಾತಿನಾಗ ನನ್ನ ಮಗಳನ್ನ ಆಡಸ್ಲಿ, ಇಲ್ಲೇ ಬಿಡ್ತೇನಿ. ಜಲ್ಮ ಇರೂತನಕ ಇಲ್ಲೇ ಇರ್ತೇನಿ. ಆ ಮಾತಿನಾಗ ಬ್ಯಾಡ."

"ಆತವ," ಎಂದರು ಮುಮ್ತಾಜಬೇಗಂ. "ನಮ್ಮ ಮಾತೇನ ನನಗ ಬರೂದಿಲ್ಲೇನು? ಆತು."

ಮರುದಿನ ಅವರು ನಮ್ಮ ಮನೆಗೇ ಬಂದರು. ಕುಳಿತು, ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ, "ಹೇಮಕ್ಕಾರ, ನೀವು ಮಲ್ಲೀಗೆ ಎರಿಯೂ ಮುಂದ ಏನಂತೀರಿ?" ಎಂದು ಕೇಳಿದರು.

"ಏನಂತೀನಿ ಅಂದ್ರೆ?"

"ಅಲ್ರೀ, ನಾ ನಿನ್ನೆ ಮಾಹೀರಾನ್ನ ಬಚ್ಚಲಕ್ಕ ಒಯ್ದೆ. 'ಬಾ' ಅಂದೆ. 'ಕುಂದ್ರ' ಅಂದೆ. 'ಕಣ್ ಮುಚ್ಚ' ಅಂದೆ. ಮುಂದ ಏನೂ ಬರವಲ್ದು. ಕೂಸು ನನ್ನ ಮಾರಿ ನೋಡತೈತಿ, ನಾ ಅದರ ಮಾರಿ ನೋಡ್ತೇನಿ. ನಮ್ಮ ಮಾತಿನಾಗ ನಾ ಕೂಸನ್ನ ಬೆಳಿಸೇ ಇಲ್ಲಲ್ರೀ. ರೊಟ್ಟಿ, ಅಂಗಡಿ, ಹತ್ತಿ, ಜಗಳಾ, ಅದಕ್ಕೆಲ್ಲಾ ಮಾತದಾವ. ಕೂಸಿಗೆ ಇಲ್ಲ."

ನಾನು ಹೇಳಲು ಬಾಯಿ ತೆರೆದೆ. ನಾನು ಮಲ್ಲಿಗೆ ಏನೆನ್ನುತ್ತೇನೆ? ಐಸ್ ಕ್ಲೋಸ್ ಮಾಡು ಬೇಬಿ, ಸೋಪ್ ಹೋಗತ್ತೆ, ಗುಡ್ ಗರ್ಲ್, ಒನ್ ಮೋರ್ ಮಗ್. ಇದನ್ನು ಅವರಿಗೆ ಹೇಗೆ ಕೊಡಲಿ? ಅವಳ ಇಂಗ್ಲಿಷ್ ಹಿಂದೆ ಬೀಳಬಾರದು ಎಂದು ಹುಟ್ಟಿದಾಗಿನಿಂದ ನಾನು ಅವಳ ಜೊತೆ ಮಾತಾಡಿದ್ದೆಲ್ಲ ಹೀಗೆಯೇ. "ಅತ್ತೆಯನ್ನ ಕೇಳೋಣ," ಎಂದೆ.

ಶೇಖವ್ವ ಪಡಸಾಲೆಯಲ್ಲಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು. ಹಿರೇಕೆರೂರು ತಾಲೂಕಿನ ಮಾಸೂರಿನವರು, ಐದು ಹೆತ್ತು ಹತ್ತನ್ನು ಆಡಿಸಿದವರು. ವಿಷಯ ಕೇಳಿ ಎಲೆಯನ್ನು ಬಾಯಿಗೆ ಹಾಕುವುದನ್ನೇ ಮರೆತರು.

"ಅಯ್ಯ ಇಕಿನ! ಕೂಸಿಗೆ ಏನನ್ನೂದಂತ ಕೇಳಾಕ ಬಂದೀಯಾ? ಬಾಯಿಗೆ ಬಂದದ್ದ ಅನ್ನೂದು! ಯಾರ ಗುಬ್ಬಿ ಇದು, ಯಾರ ಬೆಲ್ಲದ ಅಚ್ಚು ಇದು, ಮೂಗ ನೋಡ ಮೂಗು ಮೆಣಸಿನಕಾಯಿ, ಅಳಬ್ಯಾಡ ನನ ಹೊನ್ನ, ಅಳಿಸಿದವ್ರ ಬಾಯಾಗ ಮಣ್ಣು. ಅನ್ನ ನೋಡೂಣು."

"ಯಾರ ಗುಬ್ಬಿ ಇದು. ಯಾರ ಬೆಲ್ಲದ ಅಚ್ಚು ಇದು," ಎಂದರು ಮುಮ್ತಾಜಬೇಗಂ ಕೈಕಟ್ಟಿಕೊಂಡು.

"ಬೆಲ್ಲದ ಅಚ್ಚು ಅನ್ನಾಕತ್ತೀಯೋ, ಬೆಲ್ಲದ ರೇಟ ಹೇಳಾಕತ್ತೀಯೋ?"

ಮೂವರೂ ನಕ್ಕೆವು. ಮತ್ತೆ ಅಂದರು, ಮತ್ತೆ ಅಂದರು. ಶೇಖವ್ವ ಮಲ್ಲಿಯನ್ನೇ ಎಳೆದು ಅವರ ಮಡಿಲಲ್ಲಿ ಕೂರಿಸಿ, ಹೀಗೆ ಗಲ್ಲ ಹಿಡಿ, ಹೀಗೆ ರಾಗ ಎಳಿ ಎಂದು ತೋರಿಸಿದರು. ಮಾತು ಸರಿಯಾಗಿಯೇ ಬರುತ್ತಿತ್ತು. ಆದರೆ ಆ ಮಾತನ್ನು ಹೇಳುವಾಗ ಅವರ ಕೈ ಮಗುವಿನ ಬೆನ್ನ ಮೇಲೆ ಚಲಿಸುತ್ತಿರಲಿಲ್ಲ. ಎಸ್ಪಾನ್ಯೋಲಿನಲ್ಲಿ ಅವರ ಕೈ, ಕುತ್ತಿಗೆ, ಕಣ್ಣು ಎಲ್ಲವೂ ಮಾತಾಡುತ್ತಿದ್ದವು. ಕನ್ನಡದಲ್ಲಿ ಬಾಯಿ ಮಾತ್ರ. ಹೋಗುವಾಗ ಬಾಗಿಲಲ್ಲಿ ನಿಂತು, "ಬರತೈತ್ರಿ, ಬಿಡ್ರಿ. ಅದನ್ನ ಕಲ್ತಾಕಿ ಇದನ್ನ ಕಲೀಲಾರ್ನೇನು?" ಎಂದು ತಾವೇ ಹೇಳಿಕೊಂಡರು.

ದಿಲ್ಶಾದ ಇದ್ದ ಉಳಿದ ದಿನ ಅವರು ನಮ್ಮ ಮಕ್ಕಳಿಗೂ ಪಾಠ ಮಾಡಲಿಲ್ಲ. ಮಾಹೀರಾ ಮನೆಯಲ್ಲಿರುವಾಗ ಆ ಮಾತು ಆಡಬಾರದಲ್ಲ. ಮಕ್ಕಳು ಹಿತ್ತಲಿನಲ್ಲಿ ತಾವೇ ಆಡಿಕೊಂಡಿರುತ್ತಿದ್ದವು.

ಕೊನೆಯ ದಿನ ಮಧ್ಯಾಹ್ನ ನಾನು ಮಲ್ಲಿಯನ್ನು ಕರೆತರಲು ಹೋಗಿದ್ದೆ. ದಿಲ್ಶಾದ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ. ಅವಳ ಮುಖ ಸ್ವಲ್ಪ ಸಡಿಲಾಗಿತ್ತು. "ಇರ್ತೇನಿ ಅಂತ ಕಾಣಸ್ತೈತ್ರಿ ಅಕ್ಕಾರ," ಎಂದಳು ನನಗೆ, ಸಣ್ಣ ದನಿಯಲ್ಲಿ. "ಅವ್ರು ಭಾಳ ತ್ರಾಸ ತಗೊಳ್ಳಾಕತ್ತಾರ. ಮುಂಜಾನೆ 'ಬೆಲ್ಲದ ಅಚ್ಚು' ಅಂದ್ರು. ನನಗ ನಗು ಬಂತು, ಅಳೂನೂ ಬಂತು."

ಆಗಲೇ ಹಿತ್ತಲಿನಲ್ಲಿ ಧಪ್ಪೆಂದ ಸದ್ದು. ಮಾಹೀರಾ ಹತ್ತಿಯ ಚೀಲದ ಮೇಲೆ ಹತ್ತಿ, ಜಾರಿ, ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಬಾಯಿ ಬಡಿದುಕೊಂಡಿದ್ದಳು. ನಾವು ಎದ್ದು ಹಿತ್ತಲ ಬಾಗಿಲಿಗೆ ಬರುವಷ್ಟರಲ್ಲಿ ಮುಮ್ತಾಜಬೇಗಂ ಓಡಿಹೋಗಿ ಎತ್ತಿಕೊಂಡಿದ್ದರು. ತುಟಿ ಒಡೆದು ರಕ್ತ ಸುರಿಯುತ್ತಿತ್ತು. ಮಗು ಇನ್ನೂ ಅತ್ತಿರಲಿಲ್ಲ. ಬಿದ್ದ ಮಕ್ಕಳು ಒಂದು ಕ್ಷಣ ನಮ್ಮ ಮುಖ ನೋಡುತ್ತವಲ್ಲ, ಅಳಬೇಕೋ ಬೇಡವೋ ಎಂದು, ಹಾಗೆ ಅಜ್ಜಿಯ ಮುಖವನ್ನೇ ನೋಡುತ್ತಿತ್ತು.

ಮುಮ್ತಾಜಬೇಗಂ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಅಷ್ಟೆಲ್ಲ ಬಾಯಿಪಾಠ ಮಾಡಿದ ಗುಬ್ಬಿಯೂ ಬರಲಿಲ್ಲ, ಹೊನ್ನೂ ಬರಲಿಲ್ಲ. ಬರುವ ಮಾತನ್ನು ಹಲ್ಲು ಕಚ್ಚಿ ಹಿಡಿದಿದ್ದರು. ರಕ್ತವನ್ನು ಸೆರಗಿನಿಂದ ಒತ್ತಿ ಹಿಡಿದು, ಒಂದೇ ಒಂದು ಸದ್ದಿಲ್ಲದೆ, ಕಲ್ಲಿನ ಹಾಗೆ ನಿಂತರು.

ಮಗು ಹೆದರಿದ್ದು ಆಗ. ರಕ್ತಕ್ಕಲ್ಲ, ಆ ಮುಖಕ್ಕೆ. ಎಂಥ ಚೀತ್ಕಾರವೆಂದರೆ, ಅಂಗಡಿಯಿಂದ ಖಲಂದರ ಓಡಿಬಂದರು. ಮಾಹೀರಾ ಅಜ್ಜಿಯ ಎದೆಗೆ ಎರಡೂ ಕೈ ಒತ್ತಿ ನೂಕುತ್ತ, ಮೈಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಅವ್ವನ ಕಡೆ ಚಾಚಿಕೊಂಡಳು. ದಿಲ್ಶಾದ ಕಿತ್ತುಕೊಂಡಂತೆ ತೆಗೆದುಕೊಂಡಳು.

ತುಟಿಗೆ ಹೊಲಿಗೆ ಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಮಗು ಆಡಿಕೊಂಡಿತ್ತು.

ಮರುದಿನ ಬೆಳಿಗ್ಗೆ ದಿಲ್ಶಾದ ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ ಎಂದು ಇರಮ ಫೋನ್ ಮಾಡಿದರು. ನನ್ನಿಂದ ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿ ಓಡಿದೆ. ಬಂಕಾಪುರದ ಬ‌ಸ್ಸು ಇನ್ನೂ ಬಂದಿರಲಿಲ್ಲ. ಮಾಹೀರಾ ಊದಿದ ತುಟಿಯಲ್ಲೇ ಬಿಸ್ಕಿಟ್ ತಿನ್ನುತ್ತಿದ್ದಳು.

"ದಿಲ್ಶಾದ, ನೀವು ತಪ್ಪು ತಿಳ್ಕೊಂಡಿದೀರ. ಅವರಿಗೆ ಪ್ರೀತಿ ಇಲ್ಲ ಅಂತಲ್ಲ ಸುಮ್ಮನಿದ್ದದ್ದು. ನೀವು ಬೇಡ ಅಂದಿದ್ರಲ್ಲ, ಅದಕ್ಕೆ..."

"ಗೊತ್ತೈತ್ರಿ," ಎಂದಳು. "ಅದಕ್ಕ ಹೊಂಟೇನಿ."

ಅವಳು ಚೀಲವನ್ನು ಕೆಳಗಿಟ್ಟಳು.

"ನಾ ಮಾತ ಕಟ್ಟಿ ಹಾಕಿದೆ, ಅವ್ರು ನಡಸ್ಕೊಟ್ರು. ಕೂಸಿನ ಬಾಯಾಗ ರಕ್ತ ಸುರ್ಯಾಕತ್ತಿದ್ರೂ ನಡಸ್ಕೊಟ್ರು. ನಾ ಕಣ್ಣಾರೆ ನೋಡೇನಿ, ಮಾತು ಬಾಯಿತನಕ ಬಂದಿತ್ತು." ಅವಳು ಮಗಳ ಗದ್ದದ ಮೇಲಿನ ಬಿಸ್ಕಿಟ್ ಪುಡಿಯನ್ನು ಒರೆಸಿದಳು. "ಆಡಸ್ರಿ ನಿಮಗ ಬಂದ ಮಾತಿನಾಗ, ಅನ್ನಬೇಕಂತ ನಿನ್ನೆ ಸಂಜೀಕ ಎಷ್ಟ ಸಲ ಎದ್ದೆ. ಆಗಲಿಲ್ರಿ. ಅವ್ರು ಆ ಮಾತಾಡಿದ್ರ ನಾ ಸುಟ್ಟ ಹೋಗ್ತೇನಿ. ಆಡದಿದ್ರ ಕೂಸು ಹೆದರತೈತಿ. ಇದರಾಗ ಯಾರ ತಪ್ಪು ಹೇಳ್ರಿ? ದೂರ ಇದ್ರ ಚೊಲೊ."

"ಅವರಿಗೆ ಹೇಳಿದ್ರಾ ಇದನ್ನ?"

"ಹೇಳಾಕ ನಮ್ಮಿಬ್ಬರ ನಡಕ ಮಾತೆಲ್ಲದಾವ್ರಿ?"

ಬಸ್ಸು ಬಂತು. ಸೀಟು ಹಿಡಿಯುವ ನೂಕುನುಗ್ಗಲಿನಲ್ಲಿ ಅವಳು ತಿರುಗಿ ನೋಡಲಿಲ್ಲ.

ಇದೆಲ್ಲ ಆಗಿ ಬಹಳ ಕಾಲವಾಗಿಲ್ಲ. ಮುಮ್ತಾಜಬೇಗಂ ಪಾಠ ನಿಲ್ಲಿಸಿಬಿಟ್ಟರು. ಇರಮ ಬೇಸರ ಮಾಡಿಕೊಂಡರು, ಒಂದಿಬ್ಬರು ತಾಯಂದಿರು ನನ್ನ ಮೇಲೇ ಸಿಟ್ಟಾದರು, ಅರ್ಧಕ್ಕೆ ಬಿಡುವುದಾದರೆ ಶುರು ಮಾಡಿಸಿದ್ದು ಯಾಕೆ ಎಂದು. ನಾನೂ ಒಂದು ಸಲ ಹೋಗಿ ಕೇಳಿಕೊಂಡೆ. ಅವರು ಗಾದಿಗೆ ಟಾಕಿಯ ಹೊಲಿಗೆ ಹಾಕುತ್ತಿದ್ದರು. "ಆ ಮಾತು ಬಾಯಾಗ ಬಂದ್ರ ಈಗ ಅಕಿ ಮಾರಿ ಕಾಣತೈತ್ರಿ. ಹೆಂಗ ಕಲಸ್ಲಿ?" ಎಂದರು. ಮತ್ತೆ ಕೇಳುವ ಮನಸ್ಸಾಗಲಿಲ್ಲ. ಮಲ್ಲಿ ಕೆಲವು ವಾರ ತನ್ನ ಹತ್ತಿಗೂಸಿಗೆ ಊಟ ಮಾಡಿಸಿದಳು, ಮಾತು ಒಂದೊಂದಾಗಿ ಕಡಿಮೆಯಾಗುತ್ತ ಬಂತು. ಈಗ ಕೇಳಿದರೆ ನಾಚಿಕೊಂಡು ಓಡುತ್ತಾಳೆ. ಅವಳಿಗೆ ಎರೆಯುವಾಗ ಶೇಖವ್ವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಆದರೂ ಅವಸರದಲ್ಲಿ ನನ್ನ ಬಾಯಿಗೆ ಬರುವುದು ಐಸ್ ಕ್ಲೋಸ್ ಮಾಡು ಎಂದೇ.

ದಿಲ್ಶಾದ ಬಂಕಾಪುರದಿಂದಲೇ ಕಾರ್ಖಾನೆಗೆ ಹೋಗುತ್ತಾಳೆ. ಮಾಹೀರಾ ರಿಯಾಜನ ಚಿಕ್ಕಮ್ಮನ ಹತ್ತಿರ ಬೆಳೆಯುತ್ತಿದ್ದಾಳೆ. ಮುಮ್ತಾಜಬೇಗಂ ಶುಕ್ರವಾರ ಮಧ್ಯಾಹ್ನ ಬಸ್ಸು ಹತ್ತಿ ಹೋಗಿ, ನೋಡಿಕೊಂಡು ಬರುತ್ತಾರೆ. ಹೋದ ವಾರ ಅವರು ಬಸ್ಸಿಳಿದು ಬರುತ್ತಿರುವಾಗ ಸಿಕ್ಕರು. ಜೊತೆಯಲ್ಲೇ ನಡೆದೆವು.

"ಮಾಹೀರಾ ಹೇಗಿದಾಳೆ?"

"ಚೊಲೊ ಅದಾಳ್ರಿ. ಮೈ ತುಂಬೈತಿ. ಮಾತ ಭಾಳ ಆಡತಾಳ, ಪಟಪಟಪಟ. ನನ್ನ ಜೋಡಿ ಇಲ್ಲ, ಚಿಕ್ಕಮ್ಮನ ಜೋಡಿ." ಸ್ವಲ್ಪ ದೂರ ನಡೆದ ಮೇಲೆ ಅವರೇ ಹೇಳಿದರು. "ಇವತ್ತ ಹೋದೆ. ಕುಂತೆ. ಚಾ ಕೊಟ್ರು. ಅಕಿ ಬಾಗಲಾಗ ನಿಂತು ನನ್ನ ನೋಡೇ ನೋಡಿದ್ಲು. ಆಮ್ಯಾಲ ಹೊರಗ ಹೋಗಿ, ನನ್ನ ಎರಡೂ ಚಪ್ಪಲಿ ಎದಿಗೆ ಅವಚ್ಕೊಂಡ ತಂದು, ಮುಂದ ಜೋಡಿಸಿ ಇಟ್ಲು. ಬಂದವ್ರು ಹೊಂಡೂ ಮುಂದ ಹಂಗ ಮಾಡಬೇಕಂತ ಯಾರೋ ಕಲಿಸ್ಯಾರ."

"ನೀವೇನಂದ್ರಿ?"

"ಏನಂತೇನ್ರಿ? ಶಾಣ್ಯಾಕಿ ಅಂದೆ. ಮೆಟಗೊಂಡೆ, ಎದ್ದೆ." ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ಬಸ್ಸಿಗೆ ಇನ್ನೂ ಭಾಳ ಹೊತ್ತಿತ್ತು."